ಲಕ್ಕಮ್ಮನ ವಾಕ್ಕು, ದೊಡ್ಡಮನೆಯ ಬಾಯಿ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಆಕಳಿಸುವವರಿಗೇನೂ ಬರವಿಲ್ಲ. ಗೂಡಲೂರಿನಲ್ಲಿ ಕುಮಿಳಿ ಬಸ್ಸಿಗೆ ಕಾಯುವವರು ಸಂಸಾರ ಸಮೇತ ಆಕಳಿಸುತ್ತಾರೆ. ಅವೆಲ್ಲ ಬರೀ ಆಕಳಿಕೆ. ಮುನಿಯಮ್ಮಾಳ್‌ಳ ಆಕಳಿಕೆಯ ಗತ್ತೇ ಬೇರೆ. ಅವಳ ದವಡೆ ಬಿಚ್ಚಿತೆಂದರೆ ಉರುಮಿ ಬಾರಿಸುವವರ ಕೈ ತಾನಾಗಿ ಏಳುತ್ತಿತ್ತು, ಕಾರಿನಲ್ಲಿ ಬಂದವರು ಚಪ್ಪಲಿ ಬಿಟ್ಟು ಓಡುತ್ತಿದ್ದರು, ಮೊಬೈಲುಗಳು ಜೇಬಿನೊಳಗೆ ಮುಳುಗುತ್ತಿದ್ದವು. ಆ ಗುಹೆಯೊಳಗಿಂದಲೇ ಕುಲದೇವತೆ ಲಕ್ಕಮ್ಮ ಇಳಿದು ಬರುತ್ತಾಳೆಂದು ಇಡೀ ಕುಲ ನಂಬಿತ್ತು. ಆ ಮಹಾ ಆಕಳಿಕೆಯ ಗಾಳಿಗೆ ಗುಡಿಯ ದೀಪ ಆರಿತ್ತೆಂದು ಹೇಳುವವರಿದ್ದಾರೆ; ಮೇಘಮಲೆಯ ಮೋಡ ಸರಿದಿತ್ತೆಂದು ಹೇಳುವವರು ಕೊಂಚ ಕುಡಿದಿರುತ್ತಾರೆ.

ಇದರಿಂದ ತೊಂದರೆಯೂ ಆಗಿತ್ತು. ಒಮ್ಮೆ ದ್ರಾಕ್ಷಿ ಚಪ್ಪರದ ಕೆಳಗೆ, ಊಟವಾದ ಮೇಲಿನ ಬಿಸಿಲಲ್ಲಿ, ಕತ್ತರಿ ಹಿಡಿದುಕೊಂಡೇ ಮುನಿಯಮ್ಮಾಳ್ ಬಾಯಿ ತೆರೆದುಬಿಟ್ಟಳು. ಮೇಸ್ತ್ರಿ ಪಾಂಡಿಯರಾಜನ್ ಕೈಲಿದ್ದ ಪೆಟ್ಟಿಗೆ ಎಸೆದು ಅವಳ ಕಾಲಿಗೆ ಬಿದ್ದ. ಅವಳಿಗೆ ನಿದ್ದೆ ಬಂದಿತ್ತು, ಅಷ್ಟೆ. ಅಂದಿನಿಂದ ತೋಟದಲ್ಲಿ ಕಟ್ಟಳೆಯಾಯಿತು: ಕೆಲಸದ ಹೊತ್ತಿನಲ್ಲಿ ಮುನಿಯಮ್ಮಾಳ್ ಆಕಳಿಸುವುದಾದರೆ ಸೆರಗು ಮುಚ್ಚಿಕೊಂಡು ಆಕಳಿಸಬೇಕು.

ತೋಟ ರಾಮಸಾಮಿ ಗೌಂಡರದು. ಗುಡಿಯ ಯಜಮಾನಿಕೆಯೂ ಅವರದೇ. ಮುನಿಯಮ್ಮಾಳ್ ಅವರದೇ ಕುಲ, ಮನೆಯಲ್ಲಿ ಅವರದೇ ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಒಂದೇ ಎತ್ತಿನ ಬೆನ್ನಿಗೆ ನಡೆದು ಬಂದ ಜನ. ಹಾಗಾಗಿ ಗುಡಿಯಲ್ಲಿ ಅವಳು ಅವರನ್ನು 'ಅಣ್ಣಾ' ಎನ್ನುತ್ತಿದ್ದಳು, ತೋಟದಲ್ಲಿ 'ಮೊದಲಾಳಿ' ಎನ್ನುತ್ತಿದ್ದಳು. ಎಲ್ಲಿ ಯಾವುದೆಂದು ಅವಳು ಒಮ್ಮೆಯೂ ತಪ್ಪಿದವಳಲ್ಲ.

ಮಾಸಿ ತಿಂಗಳಲ್ಲಿ ಒಂದು ದಿನ, ಲಕ್ಕಮ್ಮನ ಪೂಜೆಯಂದು ಮಾತ್ರ ಲೆಕ್ಕ ತಲೆಕೆಳಗಾಗುತ್ತಿತ್ತು. ಅಂದು ರಾಮಸಾಮಿ ಅವಳ ಒಡೆದ ಹಿಮ್ಮಡಿಗೆ ಹಣೆ ಹಚ್ಚಿ "ತಾಯೇ, ಏನು ಬೇಕು?" ಎಂದು ಕೇಳುತ್ತಿದ್ದರು. ಲಕ್ಕಮ್ಮ ಬಲು ಮರ್ಯಾದಸ್ಥ ದೇವರು. ಪೊಂಗಲ್ಲು ಕೇಳುತ್ತಿದ್ದಳು, ಹಸಿರು ಸೀರೆ ಕೇಳುತ್ತಿದ್ದಳು, ಒಮ್ಮೆ ಟ್ಯೂಬ್‌ಲೈಟು ಕೇಳಿದ್ದಳು. ಕೂಲಿ ಹೆಚ್ಚಿಸೆಂದು ಯಾವತ್ತೂ ಕೇಳಿರಲಿಲ್ಲ.

ಈ ಸಲ ಗುಡಿಯ ಪಕ್ಕದಲ್ಲಿ ಅನ್ನದಾನ ಮಂಟಪ ಕಟ್ಟಬೇಕೆಂದು ತೀರ್ಮಾನವಾಗಿತ್ತು. ಕೊಯಮತ್ತೂರಿನಿಂದ ಬರುವವರ ಕಾರು ನಿಲ್ಲಲೂ ಜಾಗ ಬೇಕು. ಆ ಜಾಗದಲ್ಲಿ ಮುನಿಯಮ್ಮಾಳ್‌ಳ ಮನೆ ಇತ್ತು. ಅವಳ ಅತ್ತೆಯ ಮೈಮೇಲೂ ಲಕ್ಕಮ್ಮ ಬರುತ್ತಿದ್ದಳೆಂದು ಹಿಂದಿನವರು ಬಾಯಿಮಾತಿನಲ್ಲಿ ಕೊಟ್ಟಿದ್ದ ಮೂಲೆ ಅದು. ಪೂಜೆಯ ಮರುದಿನವೇ ಜೆಸಿಬಿ. ಒಳಗೆ ಮಗಳು ತಮಿಳರಸಿ, ತುಂಬು ಬಸುರಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಮಲಗಿದ್ದಳು.

ಮುನಿಯಮ್ಮಾಳ್ ತೋಟದ ಗೇಟಿನಲ್ಲಿ ಕೈ ಮುಗಿದು ನಿಂತಳು.

"ಹೆರಿಗೆ ಆಗೋಗಂಟ ಬುಡಿ ಮೊದಲಾಳಿ. ಆಮ್ಯಾಕೆ ನಾನೇ ಓತೀನಿ."

ರಾಮಸಾಮಿಗೆ ಸಿಟ್ಟು ಬರಲಿಲ್ಲ. ಅವರಿಗೆ ಬರುತ್ತಿದ್ದದ್ದು ಭಕ್ತಿ.

"ಮುನೀ, ನನಗೆ ಅಮ್ಮ ಬರೀ ಮಣ್ಣು ಕೊಟ್ಟವ್ಳೆ. ನಿನಗೆ ತನ್ನನ್ನೇ ಕೊಟ್ಟವ್ಳೆ. ನಮ್ಮಿಬ್ಬರಲ್ಲಿ ಯಾರಿಗೆ ಜಾಸ್ತಿ ಸಿಕ್ತು, ನೀನೇ ಸೊಲ್ಲು."

ಮುನಿಯಮ್ಮಾಳ್ ಯೋಚಿಸಿದಳು. ಉತ್ತರ ಗೊತ್ತಿತ್ತು, ಆದರೆ ಅದು ಗೇಟಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಗೂಡಲೂರಿನಲ್ಲಿ ಬಾಡಿಗೆ ಮನೆ ಹುಡುಕಿದಳು. ತಮಿಳರಸಿಯ ಹೊಟ್ಟೆ ನೋಡಿದೊಡನೆ ಒಬ್ಬೊಬ್ಬರ ಮನೆಯಲ್ಲೂ ದೇವರಕೋಣೆ ನೆನಪಾಯಿತು. "ಹೆರಿಗೆ ತೀಟ್ಟು ಆಗ್ತದೆ ಅಕ್ಕಾ" ಎಂದು ಬಾಗಿಲು ಮುಚ್ಚಿದರು. ಮೈಲಿಗೆಗೆ ಹೆದರಿದವರ ಬಾಗಿಲುಗಳಲ್ಲಿ ಮಾವಿನ ತೋರಣ ಅಂದವಾಗಿ ಬಾಡುತ್ತಿತ್ತು.

ಹೀಗೆ ದಾರಿಯೆಲ್ಲ ಮುಚ್ಚಿ ಅವಳು ಗುಡಿಯ ಕಟ್ಟೆಯ ಮೇಲೆ ಕುಸಿದಿದ್ದಾಗ ಜ್ಞಾನ ಬಂತು, ಮೋಟಾರ್ ಬೈಕಿನಲ್ಲಿ. ಶಿವಬಾಲನ್ ದಿಂಡುಕ್ಕಲ್ಲಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಕುಲದ ಹುಡುಗ. ಬರುವ ಚಿತ್ತಿರೆ ತಿಂಗಳಲ್ಲಿ ರಾಮಸಾಮಿಯ ತಮ್ಮನ ಮಗಳನ್ನು ಮದುವೆಯಾಗಲಿರುವವನು. ಧರ್ಮ ಬಡವರಿಗೆ ಹಾಡುವ ಲಾಲಿ ಎಂದು ಕೆಲವು ಪಂಡಿತರು ಹೇಳುತ್ತಾರೆ, ಇಲ್ಲ, ಬಡವರಿಗೆ ಕೂಗಲು ಸಿಕ್ಕಿರುವ ಒಂದೇ ಗಂಟಲು ಅದು ಎಂದು ಇನ್ನು ಕೆಲವರು ಹೇಳುತ್ತಾರೆ ಎಂದು ಅವನು ವಿವರಿಸಿದ. ತನಗೆ ಎರಡನೆಯದೇ ಇಷ್ಟ ಎಂದ. ಮುನಿಯಮ್ಮಾಳ್ ಕೈಲಿದ್ದ ಪೊರಕೆಯನ್ನು ಪಕ್ಕಕ್ಕಿಟ್ಟು ಕೇಳಿದಳು.

"ಅದಿರಲಿ ತಂಬಿ. ಮನೆಗೇನು ವಳಿ, ಏನು ದಾರಿ?"

"ಅದನ್ನೇ ಸೊಲ್ತಾ ಇವ್ನಿ ಅತ್ತೆ. ವರ್ಷಕ್ಕೊಂದು ದಿನ ಮಾಮ ನಿಮ್ಮ ಕಾಲಡಿ ಬೀಳ್ತಾರಲ್ಲ? ಅವತ್ತು ಕೇಳಿ. ಊರೇ ಸಾಕ್ಷಿ. ಇಲ್ಲ ಅಂತ ಹೆಂಗಂತಾರೆ?"

"ಅಮ್ಮನ ಬಾಯಿಗೆ ನನ್ನ ಮನೆ ಸಂಗತಿ ತುರುಕೋದಾ? ನನ್ನ ನಾಲಿಗೆ ಹುಳ ಬೀಳ್ತದೆ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಪಕ್ಕದ ಮನೆಯೊಳಗಿನಿಂದ ತಮಿಳರಸಿಯ ದನಿ ಬಂತು. "ಅವ್ವಾ, ಟ್ಯೂಬ್‌ಲೈಟು ಕೇಳಿದಾಗ ಬೀಳಲಿಲ್ವಲ್ಲಾ?"

ಪೂಜೆಯ ದಿನ ನಡುಮಧ್ಯಾಹ್ನ. ಉರುಮಿ ಗುರುಗುಟ್ಟಿತು. ಮುನಿಯಮ್ಮಾಳ್ ಹಳದಿ ಸೀರೆಯುಟ್ಟು, ಕೂದಲು ಬಿಚ್ಚಿ, ಗುಡಿಯ ಎದುರು ನಿಂತಳು. ಎಲ್ಲರೂ ಅವಳ ದವಡೆ ನೋಡಿದರು. ದವಡೆ ಅಲುಗಲಿಲ್ಲ. ಬಾರಿಸುವವರು ಬೆವರಿದರು. ಕಾರಿನವರು ಗಡಿಯಾರ ನೋಡಿದರು. ಬೇವಿನ ಮರಕ್ಕೆ ಒರಗಿದ ತಮಿಳರಸಿ ಎರಡೂ ಕೈಯಿಂದ ಹೊಟ್ಟೆ ಹಿಡಿದು ನಿಂತಿದ್ದಳು. ಅವಳ ಬೆನ್ನ ಹಿಂದೆ ಮನೆಯ ಗೋಡೆಗೆ ಆಗಲೇ ಸುಣ್ಣದ ಗೆರೆ ಎಳೆದಾಗಿತ್ತು. ಮುನಿಯಮ್ಮಾಳ್ ಅತ್ತ ನೋಡಿದಳು, ಗುಡಿಯತ್ತ ನೋಡಿದಳು, ಮತ್ತೆ ಅತ್ತ ನೋಡಿದಳು.

ಆಕಳಿಕೆ ಬಂತು. ಕೊಂಚ ಅವಸರದ ಆಕಳಿಕೆ ಎಂದು ಬಲ್ಲವರು ಆಮೇಲೆ ಹೇಳಿದರು.

ರಾಮಸಾಮಿ ಧೊಪ್ಪನೆ ಬಿದ್ದರು. "ತಾಯೇ, ಏನು ಬೇಕು?"

"ನನ್ನ ಮಗಳು ಮುನೀ ಮನೆ ಕೆಡವಬ್ಯಾಡ!" ಗಂಟಲು ಹರಿಯುವಂತೆ ಕೂಗು. "ಅವಳ ಮಗಳು ಬಸುರಿ. ಎಲ್ಲಿಗೋತಾಳೆ? ಮಂಟಪ ನಿನ್ನ ತೋಟದಾಗೆ ಕಟ್ಟು!"

ಉರುಮಿ ನಿಂತಿತು. ದೇವರು ಹೀಗೆ ವಿಳಾಸ ಸಮೇತ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಕೇಳಿಸಿತು, ಎಲ್ಲರಿಗೂ ಅರ್ಥವಾಯಿತು. ಆದರೆ ಕುಲದ ಪದ್ಧತಿ ಒಂದಿದೆ. ದೇವರ ವಾಕ್ಕು ದೇವರ ಬಾಯಿಂದ ಬಂದರೆ ಸಾಲದು, ದೊಡ್ಡಮನೆಯವರು, ಎಂದರೆ ರಾಮಸಾಮಿಯ ಮನೆತನದವರು, ಅದನ್ನು ಎತ್ತಿ ಸಭೆಗೆ ಹೇಳಬೇಕು. ಹೇಳಿದ್ದೇ ವಾಕ್ಕು.

ರಾಮಸಾಮಿ ನಿಧಾನವಾಗಿ ಎದ್ದರು. ಹಣೆಯ ಮೇಲೆ ಅವಳ ಹಿಮ್ಮಡಿಯ ಧೂಳಿತ್ತು, ಕಣ್ಣಲ್ಲಿ ನಿಜವಾದ ನೀರಿತ್ತು. ಪಟ್ಟಣದ ಮಕ್ಕಳಿಗೂ ತಿಳಿಯಲೆಂದು ತಮಿಳಿನಲ್ಲಿ ಸಾರಿದರು: ಅಮ್ಮ ತನ್ನ ಮಗಳ ಮನೆಯ ಹೆಸರು ಹಿಡಿದು ಕರೆದಿದ್ದಾಳೆ. ಆ ನೆಲದ ಮೇಲೆ ಅವಳಿಗೆ ಅಷ್ಟು ಪ್ರೀತಿ. ಅಲ್ಲೇ ನಿಂತು ಊರಿಗೆಲ್ಲ ಅನ್ನ ಹಾಕುತ್ತಾಳಂತೆ. ಅನ್ನಕ್ಕೆ ಬೇಕಾದ ಬಾಳೆಎಲೆಯೆಲ್ಲ ನನ್ನ ತೋಟದಿಂದಲೇ ಬರಬೇಕಂತೆ. ಮುನಿಯಮ್ಮಾಳ್ ಇದ್ದ ಒಂದು ಮನೆಯನ್ನೂ ಅಮ್ಮನಿಗೆ ಕೊಟ್ಟುಬಿಟ್ಟಳು, ನಮ್ಮಲ್ಲಿ ಯಾರಿಗಿದೆ ಆ ಭಾಗ್ಯ?

"ತಾಯೇ!" ಎಂದು ಸಭೆ ಕೂಗಿತು. ಹೆಂಗಸರು ಅತ್ತರು.

ಶಿವಬಾಲನ್‌ನ ಬಾಯಿ ತೆರೆಯಿತು. ರಾಮಸಾಮಿ ಅವನತ್ತ ತಿರುಗಿದರು. "ಏನ್ ಮಾಪ್ಳೆ?"

"ಒಂದೂ ಇಲ್ಲ ಮಾಮಾ" ಎಂದು ಆ ಬಾಯಿ ಮುಚ್ಚಿಕೊಂಡಿತು.

"ಇಲ್ಲ! ಅಂಗಲ್ಲ! ನಾ ಸೊಲ್ಲಿದ್ದು ಅಂಗಲ್ಲ!" ಎಂದು ಮುನಿಯಮ್ಮಾಳ್ ಅರಚಿದಳು. ಉರುಮಿ ಮತ್ತೆ ಮೊರೆಯಿತು. ಅಮ್ಮನಿಗೆ ಉಗ್ರ ಏರಿದೆ, ಇಳಿಸಿ, ಎಂದರು ಯಾರೋ. ತಲೆಯ ಮೇಲೆ ಅರಿಸಿನದ ನೀರು ಸುರಿದರು, ಹಣೆಗೆ ವಿಭೂತಿ ಒತ್ತಿದರು. ವಿಭೂತಿ ಬಿದ್ದ ಮೇಲೆ ಅವಳದು ದ್ರಾಕ್ಷಿ ಕತ್ತರಿಸುವವಳ ಬಾಯಿ. ಆ ಬಾಯಿಗೆ ಪದ್ಧತಿಯಲ್ಲಿ ಜಾಗವಿಲ್ಲ. ಅವಳು ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತಳು. ಪೊಂಗಲ್ಲಿನ ಸಾಲು ಅವಳನ್ನು ಸುತ್ತಿಕೊಂಡು ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ಹಳದಿ ಜೆಸಿಬಿ ಬಂತು, ಅದರ ಕೊಂಬಿಗೆ ಹೂವಿನ ಹಾರ. ಬೇವಿನ ಮರದ ಕೆಳಗೆ ಪಾತ್ರೆಗಳ ನಡುವೆ ತಮಿಳರಸಿ ಚಾಪೆ ಹಾಸಿ ಕಾಲು ಚಾಚಿ ಕೂತಿದ್ದಳು. ಮುನಿಯಮ್ಮಾಳ್ ಕಬ್ಬಿಣದ ಬೀರುವನ್ನು ಒಬ್ಬಳೇ ಹೊಸ್ತಿಲವರೆಗೆ ಎಳೆದು ತಂದು ಏದುಸಿರು ಬಿಡುತ್ತಿದ್ದಳು.

ಶಿವಬಾಲನ್ ಬೈಕನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ಅವನ ಮುಖ ಬಾಡಿತ್ತು. ಆದರೂ ಒಂದು ಪ್ರಶ್ನೆ ಅವನನ್ನು ರಾತ್ರಿಯೆಲ್ಲ ಕೊರೆದಿತ್ತು. ತುಳಿತಕ್ಕೊಳಗಾದವರ ಕಡೆಗೆ ದೈವವೇ ತಿರುಗಿ ನಿಂತ ಆ ಗಳಿಗೆಯಲ್ಲಿ ಏನಾಯಿತೆಂದು ಅವನು ತಿಳಿಯಲೇಬೇಕಿತ್ತು.

"ಅತ್ತೆ," ಎಂದ ಮೆಲ್ಲಗೆ, "ನಿನ್ನೆ ಅಂಗೆ ಸೊಲ್ಲುವಾಗ ಅಮ್ಮ ನಿಮ್ಮೊಳಗೆ ಹೆಂಗಿದ್ಲು?"

"ಅಮ್ಮ ಬರಲಿಲ್ಲ ತಂಬಿ, ನಾನೇ ಕೇಳ್ದೆ. ಆ ಕಡೆ ಹಿಡಿ, ಬೀರು ಎತ್ತಬೇಕು."