ಗೇಟಿನ ಚೀಟಿ

ಗುರುವಾರ ಸಂಜೆ ದೇವರ ಪಾತ್ರೆ ತೊಳೆಯುತ್ತಿದ್ದೆ. ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಹಚ್ಚಿಟ್ಟು, ತೀರ್ಥ ಕೊಡುವ ಬೆಳ್ಳಿಯ ಉದ್ಧರಣೆಯನ್ನು ವಿಭೂತಿಯಲ್ಲಿ ಉಜ್ಜುವಾಗ ಕೆಳಗಿನ ಗೇಟಿನಿಂದ ಫೋನು ಬಂತು. ಮಾತಾಡಿದವನು ಅಸ್ಕಾರಿ. ಇಲ್ಲಿ ನೈರೋಬಿಯಲ್ಲಿ ಕಾವಲಿನವನಿಗೆ ಹಾಗೆನ್ನುತ್ತಾರೆ.

"ಮಾಮಾ ಅನನ್ಯಾ, ಯೂನಿಸ್ ಚೀಲದಲ್ಲಿ ನಿಮ್ಮ ಸೀರೆ ಇದೆ. ಚೀಟಿ ಇಲ್ಲ."

ಮಗಳ ಹೆಸರು ಹಿಡಿದು ತಾಯಿಯನ್ನು ಕರೆಯುವುದು ಈ ಊರಿನ ಮರ್ಯಾದೆ. ಯೂನಿಸ್ ನಮ್ಮ ಮನೆಗೆಲಸಕ್ಕೆ ಬರುವವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಊರಿನಲ್ಲಾದರೆ ಅಕ್ಕ ಅನ್ನಬೇಕಾದ ವಯಸ್ಸು. ಸೀರೆ ನಾನೇ ಕೊಟ್ಟದ್ದು. ಚೀಟಿ ಬರೆಯುವುದು ಮರೆತಿತ್ತು.

"ಕೈ ಒದ್ದೆಯಾಗಿದೆ. ಹತ್ತು ನಿಮಿಷ ಕೂತಿರೋಕೆ ಹೇಳಪ್ಪಾ" ಅಂದೆ.

ಹತ್ತು ನಿಮಿಷ ನಲವತ್ತಾಯಿತು. ಪಾತ್ರೆ ಒರೆಸಿ, ದೀಪ ಹಚ್ಚಿ ನಾನು ಕೆಳಗಿಳಿದಾಗ ಮಳೆ ಹನಿಯುತ್ತಿತ್ತು. ಯೂನಿಸ್ ಗೇಟಿನ ಒಳಗಡೆ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಬರೆದುಕೊಟ್ಟೆ. "ಅಸಾಂಟೆ ಮಾಮಾ" ಎಂದು ನನಗೇ ಧನ್ಯವಾದ ಹೇಳಿ ಹೋದಳು. ಮುಖ ಸಿಂಡರಿಸಲಿಲ್ಲವಲ್ಲ, ಅದೂ ದೇವರ ದಯೆ ಅಂದುಕೊಂಡೆ.

ತಿಪಟೂರಿನಿಂದ ನೈರೋಬಿಗೆ ಬಂದ ಹೊಸದರಲ್ಲಿ ನನಗೆ ವಿಚಿತ್ರ ಅನಿಸಿದ್ದು ಮಟಾಟುಗಳ ಅಬ್ಬರವಲ್ಲ. ಆ ಬಣ್ಣಬಣ್ಣದ ವ್ಯಾನುಗಳಿಗೆ ಬೇಗ ಒಗ್ಗಿಕೊಂಡೆ. ಜುಲೈ ಚಳಿಗೆ ದೋಸೆಹಿಟ್ಟು ಹುದುಗದಿದ್ದರೂ ಪಾರ್ಕ್‌ಲ್ಯಾಂಡ್ಸಿನ ಅಂಗಡಿಯಲ್ಲಿ ಕರಿಬೇವು ಸಿಗುತ್ತದೆ, ನಡೆದು ಹೋಗುವಷ್ಟು ಹತ್ತಿರ ದೇವಸ್ಥಾನವಿದೆ. ಮಲಗುವ ಮುಂಚೆ ಇಂಥವನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ವಿಚಿತ್ರ ಅನಿಸಿದ್ದು ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿದ್ದ ಈ ಚೀಟಿ. ಮನೆಗೆಲಸದವರು ಒಂದು ಸೇರು ಅಕ್ಕಿ ಒಯ್ದರೂ ಮನೆಯೊಡತಿ ಬರೆದುಕೊಟ್ಟಿರಬೇಕು. ನಮ್ಮ ಕಟ್ಟಡಕ್ಕೂ ಅದು ಬಂದಾಗ ನಾನು ಮೇಲೆ 'ಶ್ರೀ' ಎಂದು ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಪದಾರ್ಥದ ಹೆಸರು ಬರೆದು, ಸಹಿ ಹಾಕುತ್ತಿದ್ದೆ. ನಿಮ್ಮ ಅಕ್ಷರ ಚೆಂದ ಎಂದು ಅಸ್ಕಾರಿ ಹೊಗಳಿದರೆ ಹಿಗ್ಗುತ್ತಿದ್ದೆ. ನಮ್ಮಲ್ಲಿ ಹೀಗಿಲ್ಲಪ್ಪ, ನಮ್ಮ ಮನೆಗೆಲಸದ ರಂಗಮ್ಮ ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು ಎಂದು ಇಲ್ಲಿಯವರಿಗೆ ಹೇಳಿದ್ದೂ ಉಂಟು. ರಂಗಮ್ಮನ ಲೋಟ ಹಿತ್ತಿಲ ಗೋಡೆಯ ಮೇಲೆ ಬೇರೆಯೇ ಇರುತ್ತಿತ್ತು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಆ ಶನಿವಾರ ನಮ್ಮ ಕನ್ನಡ ಬಳಗದವರು ಒಂದು ನಡಿಗೆ ಇಟ್ಟುಕೊಂಡಿದ್ದರು. ಇಲ್ಲಿನ ಜನ ತಮ್ಮ ಹಕ್ಕುಗಳಿಗಾಗಿ ಹೋರಾಡಿದ ಜಾಗಗಳನ್ನು ತೋರಿಸುವ ನಡಿಗೆ. ಹದಿಮೂರರ ಅನನ್ಯಳ ಶಾಲೆಯ ಬರವಣಿಗೆಗೆ ಬೇಕಿತ್ತೆಂದು ನಾನೂ ಹೋದೆ. ನ್ಜೇರಿ ಎಂಬ ಹುಡುಗಿ ಮುಂದೆ ನಡೆದು ವಿವರಿಸುತ್ತಿದ್ದಳು. ಹಳೆಯ ರೈಲು ನಿಲ್ದಾಣದ ಮುಂದೆ ನಿಂತು, ಬ್ರಿಟಿಷರ ಕಾಲದಲ್ಲಿ ಮೊದಲ ದರ್ಜೆ ಬಿಳಿಯರಿಗೆ, ಎರಡನೆಯದು ನಿಮ್ಮವರಿಗೆ, ಮೂರನೆಯದು ನಮಗೆ ಅಂದಳು. ಭಾರತೀಯ ವಕೀಲರೂ ಕಾರ್ಮಿಕ ಮುಖಂಡರೂ ನಮ್ಮ ಜೊತೆ ನಿಂತರು ಅಂದಾಗ ಬಳಗದವರು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡರು. ಉಹುರು ಪಾರ್ಕಿನಲ್ಲಿ, ಸರ್ಕಾರವನ್ನು ಎದುರಿಸಿ ಜೈಲು ಸೇರಿದ್ದ ಮಕ್ಕಳಿಗಾಗಿ ತಾಯಂದಿರು ಉಪವಾಸ ಕೂತ ಮೂಲೆಯನ್ನು ಕಂಡು ನಾನು ಕೈಮುಗಿದೆ.

ಅಲ್ಲಿಯೇ ನ್ಜೇರಿ ಚೀಲದಿಂದ ದಾರ ಕಟ್ಟಿದ ತಗಡಿನ ಡಬ್ಬಿಯೊಂದನ್ನು ತೆಗೆದಳು. ಕಿಪಾಂಡೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಗಂಡಸರು ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡಬೇಕಿತ್ತಂತೆ. ಒಳಗೆ ಹೆಸರು, ಬೆರಳಚ್ಚು, ಧಣಿಯ ಬರಹ ಇರುವ ಕಾಗದ. ಧಣಿ ಸಹಿ ಹಾಕದೆ ಆ ಕೆಲಸ ಬಿಟ್ಟು ಹೋಗುವಂತಿಲ್ಲ. ಮುಂದೆ ನಿಂತಿದ್ದೆನಲ್ಲ, ಡಬ್ಬಿಯನ್ನು ನನ್ನ ಕೊರಳಿಗೇ ಹಾಕಿದಳು. ತಾಳಿಯ ಮೇಲೆ ಬಿದ್ದು ಟಣ್ ಎಂದಿತು.

"ಅಮ್ಮಾ, ದಿಸ್ ಈಸ್ ಲೈಕ್ ಯುವರ್ ಲೆಟರ್, ನೋ? ಯೂನಿಸ್ ಆಂಟಿದು" ಅಂದಳು ಅನನ್ಯ.

"ಅದು ಸೆಕ್ಯೂರಿಟಿಗೆ ಪುಟ್ಟಿ. ಇದಕ್ಕೂ ಅದಕ್ಕೂ ಏನ್ ಸಂಬಂಧ?" ಎಂದು ಬಳಗದ ಡಾಕ್ಟರಮ್ಮ ನಕ್ಕರು. ನ್ಜೇರಿ ಏನೆಂದು ಕೇಳಿದಳು. ಮಗಳು ಬಿಡಿಸಿ ಹೇಳಿದಳು.

ನ್ಜೇರಿ ನನ್ನ ಕೊರಳಿನಿಂದ ಡಬ್ಬಿ ಬಿಡಿಸಿಕೊಳ್ಳುತ್ತಾ, "ನಮ್ಮಮ್ಮ ಕಿಲೆಲೆಶ್ವಾ ಬಡಾವಣೆಯಲ್ಲಿ ಮನೆಗೆಲಸ ಮಾಡ್ತಾರೆ. ಅಂಥ ಚೀಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದಾರೆ. ಯಾಕಮ್ಮಾ ಅಂದ್ರೆ, ಮತ್ತೆ ಯಾರಾದ್ರೂ ಕೇಳಿದ್ರೆ ಅಂತಾರೆ" ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಇನ್ನು ಬರೆಯಬೇಕಾದದ್ದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಕಟ್ಟಡದಲ್ಲಿ ಈ ಚೀಟಿ ಶುರುವಾದದ್ದು ನನ್ನಿಂದ. ಮೂರು ವರ್ಷದ ಹಿಂದೆ ಈ ಉದ್ಧರಣೆ ಕಾಣಲಿಲ್ಲ. ಅತ್ತು ಕರೆದು ಪಕ್ಕದ ಮನೆಗೆಲ್ಲ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ, ನಿಜ. ಎತ್ತಬೇಕಾಗಿಯೂ ಇರಲಿಲ್ಲ, ಮನೆಗೆ ಬರುತ್ತಿದ್ದವಳು ಒಬ್ಬಳೇ. ನಮ್ಮ ಯಜಮಾನರು ಕಟ್ಟಡದ ಕಮಿಟಿಯಲ್ಲಿದ್ದರು. ಬೇರೆ ಕಟ್ಟಡಗಳಲ್ಲಿದ್ದ ನಿಯಮ ನಮ್ಮಲ್ಲಿಗೂ ಬಂತು. ಎಂಟು ದಿನದ ಮೇಲೆ, ಗಿಡದ ಬುಡಕ್ಕೆ ಹಾಕಲೆಂದು ಕಟ್ಟಿಟ್ಟಿದ್ದ ಬಾಡಿದ ಹೂವಿನ ನಡುವೆ ಉದ್ಧರಣೆ ಸಿಕ್ಕಿತು. ತುಪ್ಪದ ದೀಪ ಹಚ್ಚಿದೆ. ಆ ರಾತ್ರಿ ಬೆರಳೆಣಿಸುವಾಗ ಅದನ್ನೇ ಮೊದಲು ಎಣಿಸಿದೆ. ಯಾರಿಗೂ ಹೇಳಲಿಲ್ಲ. ದೇವರಿಗೆ ಹೇಳಿದೆನಲ್ಲ, ಸಾಕು ಅಂದುಕೊಂಡಿದ್ದೆ.

ಸೋಮವಾರ ಯೂನಿಸ್ ಬಂದಾಗ ಅಡುಗೆಮನೆಯಲ್ಲಿ ಕೂರಿಸಿ, ನನ್ನ ಹರಕು ಸ್ವಾಹಿಲಿ, ಇಂಗ್ಲಿಷಿನಲ್ಲಿ ಉದ್ಧರಣೆ ಸಿಕ್ಕ ಕಥೆ ಹೇಳಿದೆ. ಅವಳು ಚಹಾ ಆರಿಸುತ್ತಾ ಕೇಳಿದಳು.

"ಗೊತ್ತು ಮಾಮಾ. ಸಿಕ್ಕ ಮೇಲಿನ ಶುಕ್ರವಾರವೇ ಅದನ್ನು ನಿಮ್ಮ ದೇವರ ಮುಂದೆ ನೋಡಿದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ, ನಿನ್ನ ಕಣ್ಣು ಯಾಕೆ ಅಲ್ಲಿಗೆ ಹೋಯ್ತು ಅಂತಿದ್ರಿ." ಸ್ವಲ್ಪ ನಕ್ಕಳು. "ಆ ಭಾನುವಾರ ಚರ್ಚಿನಲ್ಲಿ ನಾನೂ ದೇವರಿಗೆ ಥ್ಯಾಂಕ್ಸ್ ಹೇಳಿದೆ. ಸಿಕ್ತಲ್ಲ, ಇನ್ನು ಚೀಟಿ ನಿಲ್ಲುತ್ತೆ ಅಂತ."

ಒಂದು ಚಮಚಕ್ಕಾಗಿ ಇಬ್ಬರೂ ದೇವರಿಗೆ ಕೈಮುಗಿದಿದ್ದೆವು. ಅವಳ ಪಾಲಿಗೆ ಬರಬೇಕಾದ ಒಳಿತನ್ನು ತಡೆಹಿಡಿದವಳು ನಾನು.

ಅಂದೇ ಒಂದು ಕಾಗದ ಬರೆದೆ. ನನ್ನ ಬೆಳ್ಳಿಯ ಚಮಚ ನನ್ನ ಮನೆಯಲ್ಲೇ ಇತ್ತು, ಯಾರೂ ಕದ್ದಿರಲಿಲ್ಲ, ಮೂರು ವರ್ಷ ಇದನ್ನು ಮುಚ್ಚಿಟ್ಟದ್ದು ನನ್ನ ತಪ್ಪು. "ಹಳೇದನ್ನೆಲ್ಲ ಯಾಕೆ ಕೆದಕ್ತೀಯೇ?" ಅಂದರು ಯಜಮಾನರು. ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದೆ. ಮೇಲಿನ ಮನೆಯ ಗುಜರಾತಿ ಅಮ್ಮ ಓದಿ, "ನಮ್ಮ ಮಾನ ನಾವೇ ಕಳ್ಕೋಬೇಕಾ ಭಾಭಿ?" ಅಂದರು. ಕಮಿಟಿ ನಿಯಮ ತೆಗೆಯಲಿಲ್ಲ. ಎಲ್ಲರ ಒಳ್ಳೆಯದಕ್ಕೇ ಇದೆ, ಇರಲಿ ಅಂದರು.

ಬೆಂಗಳೂರಿನ ತಂಗಿಗೆ ಫೋನಿನಲ್ಲಿ ಹೇಳಿಕೊಂಡೆ. "ಅಯ್ಯೋ, ಅಷ್ಟೇನಾ ಅಕ್ಕಾ? ನಮ್ಮ ಅಪಾರ್ಟ್‌ಮೆಂಟಲ್ಲೂ ಕೆಲಸದವಳು ಏನಾದ್ರೂ ತಗೊಂಡು ಹೋದ್ರೆ ನಾವು ಫೋನಲ್ಲಿ ಒಪ್ಪಿಗೆ ಒತ್ತಬೇಕು" ಅಂದಳು. ನಮ್ಮಲ್ಲಿ ಹೀಗಿಲ್ಲ ಎಂದು ಹೇಳಿಕೊಳ್ಳಲು ನನಗೆ ಅಲ್ಲಿಯೂ ಊರು ಉಳಿದಿಲ್ಲ, ಇಲ್ಲಿಯೂ ಇಲ್ಲ.

ಈ ಗುರುವಾರ ಯೂನಿಸ್‌ಗೆ ರವೆ ಉಂಡೆ ಕಟ್ಟಿಕೊಟ್ಟು, ಜೊತೆಗೆ ನಾನೇ ಗೇಟಿನವರೆಗೆ ಬರುತ್ತೇನೆ, ಚೀಟಿ ಬೇಡ ಅಂದೆ.

"ಬರೀರಿ ಮಾಮಾ. ದಿನಾ ನೀವು ಬರೋಕಾಗುತ್ತಾ? ಮೊದಲೇ ಬರೆದಿಡಿ, ಅಷ್ಟೇ. ಕಾಯಿಸಬೇಡಿ."

ಬರೆದೆ. 'ಶ್ರೀ' ಬರೆಯಲು ಕೈ ಬರಲಿಲ್ಲ. ಮಳೆ ಶುರುವಾಗುವ ಮುಂಚೆಯೇ ಅವಳು ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿ ಒಳಗೆ ಬಂದೆ. ದೀಪಗಳಿಗೆ ಹಚ್ಚಿದ್ದ ಹುಣಸೆಹಣ್ಣು ಒಣಗುತ್ತಿತ್ತು. ನೀರು ಬಿಟ್ಟು ಉಜ್ಜತೊಡಗಿದೆ.