ಒರೆಸ್ತೆಸ್ ಕಟ್ಟಿದ ಬಲೆಯಲ್ಲಿ ತೂತಿಲ್ಲ

ಶನಿವಾರ ಬೆಳಗಿನ ಐದೂವರೆ. ನದಿಯಿಂದ ಎದ್ದ ಮಂಜು ಇನ್ನೂ ಮೈದಾನ ಬಿಟ್ಟಿಲ್ಲ. ನಡುಗೆರೆಯ ಮೇಲೆ ಟಿಟ್ಟಿಭಗಳು ನಿಂತು ಬೊಬ್ಬೆ ಹೊಡೆಯುತ್ತಿವೆ, ಮೈದಾನ ತಮ್ಮದೇ ಎಂಬ ಜಂಬ ಅವಕ್ಕೆ. ಉತ್ತರದ ಗೋಲಿನ ಪಕ್ಕದಲ್ಲಿ ಒರೆಸ್ತೆಸ್ ಪಿರಿಸ್ ಮಂಡಿಯೂರಿದ್ದಾರೆ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಹುಲ್ಲಿನ ಮೇಲೆ ಯೆರ್ಬಾ ಎಲೆಯ ಚಹಾ ಹೀರುವ ಸೋರೆಬುರುಡೆ, ಕೈಯಲ್ಲಿ ದಾರ ಸುತ್ತಿದ ಮರದ ಸೂಜಿ. ಬಲೆಯ ಒಂದೊಂದು ಕಣ್ಣಿಗೂ ಬೆರಳು ತೂರಿಸಿ ಎಳೆದು ನೋಡುತ್ತಾರೆ, ಮುಂದಿನ ಕಣ್ಣಿಗೆ ಸರಿಯುತ್ತಾರೆ.

ನಾನು ಬಾಯಿ ತೆರೆದರೆ, "ಸ್ವಲ್ಪ ಸುಮ್ನಿರು ಮಾರಾಯ, ಎಣಿಕೆ ತಪ್ಪುತ್ತೆ" ಎಂದು ಗದರುತ್ತಾರೆ. ಒಂದು ಬಲೆಗೆ ಎರಡು ಸಾವಿರದ ಚಿಲ್ಲರೆ ಕಣ್ಣುಗಳು. ನಮ್ಮ ಪಾಸೊ ಲಾರ್ಗೊ ಊರಿನ ಫುಟ್‌ಬಾಲ್ ಲೀಗಿನಲ್ಲಿ ಒಂಬತ್ತು ಮೈದಾನಗಳು, ಹದಿನೆಂಟು ಬಲೆಗಳು. ವಾರದ ದಿನಗಳಲ್ಲಿ ಪುರಸಭೆಯ ಜಲ್ಲಿ ಲಾರಿ ಓಡಿಸುವ ಈ ಐವತ್ತೊಂದರ ಮನುಷ್ಯ, ಲಾರಿ ಹತ್ತುವ ಮೊದಲು ದಿನಕ್ಕೆ ಮೂರು ಬಲೆ ಮುಗಿಸುತ್ತಾರೆ. ಮಾಡಿ ಎಂದು ಯಾರೂ ಹೇಳಿಲ್ಲ. ಬೇಡ ಎಂದೂ ಯಾರೂ ಹೇಳಿಲ್ಲ.

ಊರಿಗೆ ಇವರು ಒರೆಸ್ತೆಸ್ ಅಲ್ಲ, "ತೂತು". ಇಪ್ಪತ್ತೆರಡು ವರ್ಷದಿಂದ ಅದೇ ಹೆಸರು.

ಇವರು ಫೆರೋವಿಯಾ ಕ್ಲಬ್ಬಿಗೆ, ಅಂದರೆ ನಮ್ಮ ರೈಲ್ವೆ ಕೇರಿಗೆ, ಹದಿನೆಂಟು ವರ್ಷ ಗೋಲ್‌ಕೀಪರ್ ಆಗಿದ್ದವರು. ಮುನ್ನೂರ ಹನ್ನೊಂದು ಪಂದ್ಯ. ಎಡಗೈಯ ಎರಡು ಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ನಡುವೆ ರಾಜಧಾನಿ ಮೊಂತೆವಿದೆಯೊದ ಕ್ಲಬ್ಬೊಂದು ಕರೆಸಿಕೊಂಡು ಒಂಬತ್ತು ತಿಂಗಳು ಬೆಂಚು ಕಾಯಿಸಿತು. "ಆಡಿದ್ದು ನಾಲ್ಕೇ ಪಂದ್ಯ. ಆದ್ರೆ ಬೆಂಚು ಚೆನ್ನಾಗಿತ್ತು, ಮೆತ್ತೆ ಹಾಕಿದ್ರು" ಎಂದು ನಗುತ್ತಾರೆ. ಆ ನಗುವಿನಲ್ಲಿ ಹುಳಿ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹೆಸರು ಕೆಟ್ಟದ್ದು ಲೀಗಿನ ಫೈನಲ್ಲಿನಲ್ಲಿ. ಎದುರಾಳಿ ರಿಬೆರಾ, ನದಿದಂಡೆಯ ಬೆಸ್ತರ ಕೇರಿಯ ಕ್ಲಬ್ಬು. ಮಳೆ, ಕೆಸರು. ಕೊನೆಯ ಹತ್ತು ನಿಮಿಷ ಇರುವಾಗ ರಿಬೆರಾದ ದಾರ್ದೊ ಸಿಲ್ವೇರಾ ಓರೆಯಿಂದ ಚೆಂಡು ಬಾರಿಸಿದ. ಒರೆಸ್ತೆಸ್ ಹಾರಿ, ಕೆಸರಿನಲ್ಲಿ ಮುಖ ಕೆಳಗಾಗಿ ಬಿದ್ದರು. ತಲೆಯೆತ್ತಿ ನೋಡಿದರೆ ಚೆಂಡು ಬಲೆಯೊಳಗಿದೆ. ಸಿಟ್ಟಿನಿಂದ ಅದನ್ನೆತ್ತಿ, ಗೋಲಾದ ಮೇಲೆ ಆಟ ಮತ್ತೆ ಶುರುವಾಗುವ ನಡುಗೆರೆಗೆ ಒದ್ದರು. ಬಲೆಯಲ್ಲಿ ಚೆಂಡು ಕಂಡರೆ ಯಾವ ಗೋಲ್‌ಕೀಪರನ ಕಾಲೂ ಮಾಡುವುದು ಅದನ್ನೇ. ರೆಫರಿಗೆ ಆಟಗಾರರ ಗುಂಪು ಅಡ್ಡವಾಗಿತ್ತು, ಗೋಲೋ ಅಲ್ಲವೋ ಎಂದು ಅನುಮಾನಿಸುತ್ತ ನಿಂತಿದ್ದ. ಚೆಂಡು ನಡುಗೆರೆಗೆ ಬಂದದ್ದು ನೋಡಿ ಸೀಟಿ ಊದಿಬಿಟ್ಟ, ಗೋಲು.

ಆಮೇಲೆ ನೋಡಿದರೆ ಗೋಲಿನ ಪಕ್ಕ ಮುಚ್ಚುವ ಬಲೆಯಲ್ಲಿ ತಲೆ ತೂರುವಷ್ಟು ತೂತು! ಚೆಂಡು ಕಂಬದ ಹೊರಗಿನಿಂದಲೇ ಆ ತೂತಿನಲ್ಲಿ ನುಗ್ಗಿರಬಹುದಲ್ಲ ಎಂದು ನಮ್ಮವರು ಮುತ್ತಿಕೊಂಡರು. ರೆಫರಿ ಹೇಳಿದ್ದು ಒಂದೇ ಮಾತು: "ನಿಮ್ಮ ಗೋಲ್‌ಕೀಪರೇ ಒಪ್ಕೊಂಡಿದಾನಲ್ರಪ್ಪ!"

ಒಂದು ಗೋಲಿನಿಂದ ಕಪ್ ಹೋಯಿತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಆಟಕ್ಕೆ ಮುಂಚಿನ ಸಂಜೆ ಗೋಲ್‌ಕೀಪರ್ ಬಲೆ ತಡವಿ ನೋಡುವುದು ಇಲ್ಲಿನ ರೂಢಿ. ಒರೆಸ್ತೆಸ್ ನೋಡಿಯೇ ಇರುತ್ತಾನೆ, ರಾತ್ರಿ ಯಾವುದೋ ಹಸು ಕೊಂಬು ಹಾಕಿರಬೇಕು ಎಂದು ಊರು ತೀರ್ಪು ಕೊಟ್ಟಿತು. ಆದರೂ ಚೆಂಡೆತ್ತಿ ಒದ್ದವರೆಂದು "ತೂತು" ಎಂಬ ಹೆಸರು ಇವರಿಗೇ ಅಂಟಿತು. ಚೆಂಡು ಒಳಗೆ ಹೋಯಿತೋ ಹೊರಗೋ ಎಂಬ ಜಗಳ ಮಾತ್ರ ಇನ್ನೂ ನಿಂತಿಲ್ಲ. ನಾನು ಅವತ್ತು ಮೈದಾನದ ಆಚೆ ತುದಿಯಲ್ಲಿದ್ದೆ, ನನಗೇನೂ ಕಾಣಲಿಲ್ಲ. ಕಣ್ಣಾರೆ ಕಂಡೆ ಎಂದು ಎಲ್ಲರೆದುರು ವಾದಿಸಿದ್ದೇನೆ.

ದಾರ್ದೊ ಈಗ ಮಾಂಸದಂಗಡಿ ಇಟ್ಟಿದ್ದಾನೆ. ಒರೆಸ್ತೆಸ್ ಆ ಬೀದಿಯಲ್ಲಿ ಹೋದರೆ ಕತ್ತಿ ಮಸೆಯುತ್ತಲೇ ಕೂಗುತ್ತಾನೆ, "ಏನೋ ತೂತು, ಬಲೆ ಹೊಲಿದ್ಯಾ?"

"ಹೊಲಿದೆ ಕಣೋ. ನಿನ್ನ ಬಾಯಿ ಹೊಲಿಯೋಕೆ ದಾರ ಸಾಕಾಗ್ಲಿಲ್ಲ."

ಆದರೂ ದಾರ್ದೊ ತನ್ನ ತಾಯಾಣೆ, ಚೆಂಡು ಒಳಗೇ ಹೋಗಿತ್ತು ಎನ್ನುವುದನ್ನು ಬಿಟ್ಟಿಲ್ಲ.

ಒರೆಸ್ತೆಸ್‌ಗೆ ಬಲೆಯ ಗಂಟು ಹಾಕುವುದನ್ನು ಕಲಿಸಿದವರು ಹೆಂಡತಿ ಎರ್ಮಿಂಡಾ. ಬೆಸ್ತರ ಮಗಳು, ಹುಟ್ಟಿದ್ದೇ ರಿಬೆರಾ ಕೇರಿಯಲ್ಲಿ. "ಮದ್ವೆಯಾದ ವಾರದಲ್ಲೇ ಸೂಜಿ ಕೊಡು ಅಂದ್ರು. ಮೀನು ಹಿಡಿಯೋಕೆ ಅಂದ್ಕೊಂಡೆ. ನೋಡಿದ್ರೆ ಚೆಂಡು ಹಿಡಿಯೋಕೆ!" ಎನ್ನುತ್ತಾರೆ ಆಕೆ.

ನಾಳೆ ಮತ್ತೆ ಫೆರೋವಿಯಾ, ರಿಬೆರಾ ಫೈನಲ್. ಇಪ್ಪತ್ತೆರಡು ವರ್ಷದ ಮೇಲೆ, ಅದೇ ಮೈದಾನ. ಏನಾಸೆ ಎಂದು ಕೇಳಿದೆ. ಕಪ್ ಎನ್ನುತ್ತಾರೆಂದು ಕಾದಿದ್ದೆ. ಒರೆಸ್ತೆಸ್ ಗಂಟು ಬಿಗಿದು, ದಾರ ಕಚ್ಚಿ ತುಂಡರಿಸಿದರು. "ಅವತ್ತಿನ ಚೆಂಡು ಒಳಗೋ ಹೊರಗೋ, ಸಾಯೋದ್ರೊಳಗೆ ಒಂದ್ಸಲ ಗೊತ್ತಾಗ್ಬೇಕು. ನನ್ನ ಮುಖ ಕೆಸರಲ್ಲಿತ್ತು ನೋಡು."

ಭಾನುವಾರ ಎಪ್ಪತ್ತನೇ ನಿಮಿಷ. ರಿಬೆರಾದ ಮುಂಪಡೆಯವನು ಹೆಚ್ಚುಕಡಿಮೆ ಅದೇ ಓರೆಯಿಂದ ಬಾರಿಸುತ್ತಾನೆ. ಪಕ್ಕದ ಬಲೆ ಉಬ್ಬುತ್ತದೆ. ಬೆಸ್ತರ ಕೇರಿಯೆಲ್ಲ ಗೋಲೆಂದು ಎದ್ದು ನಿಲ್ಲುತ್ತದೆ. ಬಲೆ ಚೆಂಡನ್ನು ಹೊರಕ್ಕೇ ತಳ್ಳುತ್ತದೆ, ಅದು ಉರುಳಿಕೊಂಡು ಒರೆಸ್ತೆಸ್ ಕೂತ ಬೇಲಿಯ ಹತ್ತಿರ ಬಂದು ನಿಲ್ಲುತ್ತದೆ. ರೆಫರಿ ಒಂದು ಕ್ಷಣವೂ ಅನುಮಾನಿಸದೆ, ಗೋಲಲ್ಲವೆಂದು ಗೋಲ್‌ಕಿಕ್ ತೋರಿಸುತ್ತಾನೆ. ಎದ್ದವರು ತೆಪ್ಪಗೆ ಕೂರುತ್ತಾರೆ. ಹದಿನೆಂಟು ಬಲೆಗಳ ದುಡಿಮೆಗೆ ಇದಕ್ಕಿಂತ ದೊಡ್ಡ ಬಹುಮಾನ ನನಗಂತೂ ತೋಚುತ್ತಿಲ್ಲ.

ಗೆದ್ದದ್ದು ರಿಬೆರಾ, 2-1. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ. ತಕರಾರು ಎತ್ತಲು ನಮಗೊಂದು ನೆಪವೂ ಸಿಗಲಿಲ್ಲ.

ಸಂಜೆ ಕೆಂಡದ ಮೇಲೆ ಎರಡೂ ಕೇರಿಯವರ ಮಾಂಸ ಬೇಯುತ್ತಿದೆ, ಬೇಯಿಸುವವನು ದಾರ್ದೊ. ಒಳ್ಳೆಯ ಪಕ್ಕೆಲುಬೊಂದನ್ನು ಆರಿಸಿ ಒರೆಸ್ತೆಸ್ ತಟ್ಟೆಗೆ ಹಾಕುತ್ತಾನೆ, ಅಲ್ಲೇ ನಿಲ್ಲುತ್ತಾನೆ.

"ಇವತ್ತಿನ ಚೆಂಡು ನೋಡಿದ್ಮೇಲೆ ಮುಚ್ಚಿಡೋಕೆ ಆಗ್ತಿಲ್ಲ ಕಣೋ. ಅವತ್ತೂ ಹೀಗೇ. ಹೊರಗೇ ಹೋಗಿತ್ತು. ನಾನು ನೋಡ್ದೆ."

"ಥೂ, ತಾಯಾಣೆ ಹಾಕಿದ್ಯಲ್ಲೋ!" ಎಂದೆ ನಾನು.

"ಅಮ್ಮಂಗೆ ಹೇಳಿದ್ದೆ. ಕಪ್ ಮನೆಗೆ ಬರ್ಲಿ, ಆಣೆ ನಾನು ನೋಡ್ಕೋತೀನಿ ಅಂದಿದ್ಳು."

ಎಲ್ಲರೂ ಒರೆಸ್ತೆಸ್ ಮುಖ ನೋಡುತ್ತಾರೆ. ಅವರು ಪಕ್ಕೆಲುಬು ಪೂರ್ತಿ ತಿಂದು, ಕೈ ಒರೆಸಿಕೊಳ್ಳುತ್ತಾರೆ. "ಗೊತ್ತಾಯ್ತಲ್ಲ, ಸಾಕು. ನಾನೂ ಒಂದು ಹೇಳ್ಬೇಕು. ಹಸು ಅಲ್ಲ. ಆ ತೂತು ಹಿಂದಿನ ಸಂಜೇನೇ ಇತ್ತು. ಕೈ ಹಾಕಿ ನೋಡಿದ್ದೆ. ಕಟ್ಟೋಣ ಅಂದ್ರೆ ಹೊತ್ತಾಗಿತ್ತು. ನಿಮ್ಮ ಕೇರಿ ಹುಡುಗಿ ಒಬ್ಳು ಮೊದಲ್ನೇ ಸಲ ಕುಣಿಯೋಕೆ ಬರ್ತೀನಿ ಅಂದಿದ್ಳು, ಸೇತುವೆ ಹತ್ರ ಕಾಯ್ತಿದ್ಳು."

ಸೊಪ್ಪು ಹೆಚ್ಚುತ್ತಿದ್ದ ಎರ್ಮಿಂಡಾ ಕೈ ನಿಲ್ಲಿಸುತ್ತಾರೆ. "ನನ್ನಿಂದಾನಾ? ಇಷ್ಟು ವರ್ಷ ಊರೆಲ್ಲ ತೂತು ತೂತು ಅಂತಿದ್ರು, ನೀವು ಒಂದ್ಮಾತೂ ಆಡ್ಲಿಲ್ವಲ್ರೀ!"

"ಆಡಿದ್ರೆ ನಿನ್ನ ಬೈತಿದ್ರು. ರಿಬೆರಾದೋರು ಬೇಕಂತ್ಲೇ ಹುಡುಗೀನ ಕಳ್ಸಿದ್ರು ಅಂತಿದ್ರು. ನನ್ನ ಬೈದ್ರೆ ಏನಂತೆ? ನಾನು ಗೋಲ್‌ಕೀಪರ್."