ಹುಣಸೆ ಬೀಜದ ಲೆಕ್ಕ

ಎಂಬತ್ತರ ದಶಕದಲ್ಲಿ ರೈತರಿಗೆ ಕರಪತ್ರ ಬರೆಯುವುದು ನನ್ನ ಕೆಲಸವಾಗಿತ್ತು. ಬಿತ್ತನೆ ಭತ್ತದಿಂದ ಜೊಳ್ಳು ತೆಗೆಯುವ ಬಗ್ಗೆ ಎರಡು ಪುಟ ಬರೆದಿದ್ದೆ. ಮರುದಿನವೇ ಅಚ್ಚಿಗೆ ಹೋಗಬೇಕು. ಯಾಕೋ ಧೈರ್ಯ ಸಾಲದೆ, ಕತ್ತಲಗೆರೆಯಲ್ಲಿ ಗದ್ದೆ ಮಾಡುವ ಗೌರಮ್ಮನವರಿಗೆ ಒಮ್ಮೆ ಓದಿ ಹೇಳೋಣ ಅಂತ ಹೋದೆ. ಅವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಮ್ಮಾ, ತಿಳಿಯದ ಮಾತು ಬಂದಾಗೆಲ್ಲ ಒಂದು ಬೀಜ ಈ ಕಡೆ ಇಡಿ," ಅಂದೆ.

ಓದಿ ಮುಗಿಸಿ ಎಣಿಸಿದರೆ ನಲವತ್ತೊಂದು ಬೀಜ! ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಅಲ್ಲೇ ಕೂತು ತಿದ್ದಿದೆ. 'ಲವಣಯುಕ್ತ ದ್ರಾವಣ' ಉಪ್ಪುನೀರಾಯಿತು. 'ಪ್ಲವನಶೀಲ ಕಾಳು' ತೇಲುವ ಕಾಳಾಯಿತು. ಎರಡು ಪುಟ ಅರ್ಧ ಪುಟಕ್ಕೆ ಇಳಿಯಿತು. ಮತ್ತೆ ಓದಿದೆ. ಈ ಸಲ ಒಂದು ಬೀಜವೂ ಬೀಳಲಿಲ್ಲ.

"ಈಗ ಹೆಂಗೈತೆ ಅಮ್ಮಾ?" ಅಂತ ಬೀಗುತ್ತಾ ಕೇಳಿದೆ.

"ಎಲ್ಲಾ ತಿಳೀತು ಬಿಡ್ರಿ," ಅಂದರು. ಆಮೇಲೆ ನನಗೆ ನೋಯದ ಹಾಗೆ ಮೆಲ್ಲಗೆ ಕೇಳಿದರು: "ಒಂದು ಕೊಡ ನೀರಿಗೆ ಉಪ್ಪು ಎಷ್ಟು ಹಾಕಾಕೆ ಹೇಳ್ತೀರಿ? ಅದೆಲ್ಲೂ ಬರಲಿಲ್ಲ."

ಹಳೆಯ ಎರಡು ಪುಟ ತಿರುವಿ ನೋಡಿದೆ. ಅದರಲ್ಲೂ ಇರಲಿಲ್ಲ.

ಬರೆಯದ ಮಾತಿಗೂ ಒಂದು ಬೀಜ ಇಡಿ ಅಂತ ನಾನು ಅವರಿಗೆ ಹೇಳಿರಲೇ ಇಲ್ಲವಲ್ಲ!